ಡಬ್ಬಿಯೊಳಗಿನ ನೀರು: ಮನೆಯಲ್ಲೇ ಕ್ರೀಮ್ ಮಾಡುವವರ ಗಮನಕ್ಕೆ

ಕರಾವಳಿ ಬಿಟ್ಟು ಘಟ್ಟ ಹತ್ತಿ ಮುನಿರಾಬಾದಿಗೆ ಬಂದ ನಮ್ಮಂಥ ಮನೆಗಳಿಗೆ ಮೊದಲು ಪರಿಚಯವಾಗುವುದು ಇಲ್ಲಿನ ಒಣ ಗಾಳಿ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿ.ಮೀ. ಮೀರಿ ಮಳೆ. ಈ ಕೊಪ್ಪಳ ಸೀಮೆಯಲ್ಲಿ 600 ಮಿ.ಮೀ. ಆಸುಪಾಸು. ತುಂಗಭದ್ರಾ ಅಣೆಕಟ್ಟಿನ ಅಷ್ಟೊಂದು ನೀರು ಪಕ್ಕದಲ್ಲೇ ಉಂಟು. ಆದರೂ ಡಿಸೆಂಬರ್ ಬಂತೆಂದರೆ ತುಟಿ ಸೀಳುತ್ತದೆ, ಹಿಮ್ಮಡಿ ಒಡೆಯುತ್ತದೆ, ಮಕ್ಕಳ ಕೆನ್ನೆ ಮರಳು ಕಾಗದದಂತೆ ಒರಟಾಗುತ್ತದೆ. ಊರಿಂದ ತಂದ ತೆಂಗಿನೆಣ್ಣೆಯೂ ಬೆಳಿಗ್ಗೆ ಸುಬಹಿಗೆ ಏಳುವಾಗ ಬಾಟಲಿಯಲ್ಲಿ ಕಲ್ಲಾಗಿರುತ್ತದೆ. 24 ಡಿಗ್ರಿಗಿಂತ ಕೆಳಗಿಳಿದರೆ ತೆಂಗಿನೆಣ್ಣೆ ಹೆಪ್ಪುಗಟ್ಟುವುದು ಅದರ ಗುಣ.

ಹಾಗಾಗಿ ನಾವೇ ಕ್ರೀಮ್ ಮಾಡಿ ನೋಡುವ ಎಂದು ಹೊರಟೆವು. ಹಿತ್ತಲಿನ ಲೋಳೆಸರ, ಪನ್ನೀರು, ತೆಂಗಿನೆಣ್ಣೆ, ಸ್ವಲ್ಪ ಜೇನುಮೇಣ. ಮಿಕ್ಸಿಯಲ್ಲಿ ಹಾಕಿ ತಿರುಗಿಸಿದಾಗ ಬೆಣ್ಣೆಯಂತೆ ಬಂತು. ಪರಿಮಳವೂ ಚೆಂದ. ಮನೆಯಲ್ಲಿ ಹಚ್ಚಿದವರೆಲ್ಲ ಹೊಗಳಿದರು. ಹೊಗಳಿಕೆ ಕೇಳಿ ನಮಗೂ ಧೈರ್ಯ ಬಂತು. ಊರಲ್ಲಿ ಒಂದು ಮದುವೆ ಇತ್ತು. ಮೈಲಾಂಜಿ ದಿನ ಹೆಂಗಸರಿಗೆ ಉಡುಗೊರೆ ಕೊಡಲು 25 ಪುಟ್ಟ ಡಬ್ಬಿ ತುಂಬಿಸಿ, ರಿಬ್ಬನ್ ಕಟ್ಟಿ ಕೊಂಡುಹೋದೆವು.

ಮದುವೆ ಕಳೆದು 12ನೇ ದಿನಕ್ಕೆ ಫೋನ್ ಬಂತು. ಒಬ್ಬರ ಡಬ್ಬಿಯಲ್ಲಿ ಹಸಿರು ಬೂಸ್ಟು. ಇನ್ನೊಬ್ಬರ ಮನೆಯಲ್ಲಿ ಎಂಟು ತಿಂಗಳ ಮಗುವಿನ ಕೆನ್ನೆಗೆ ಹಚ್ಚಿದ್ದರು. ಕೆನ್ನೆ ಕೆಂಪಾಗಿ ಕೀವು ತುಂಬಿದ ಗುಳ್ಳೆ ಎದ್ದಿತ್ತು. ಚರ್ಮದ ಡಾಕ್ಟರು ನೋಡಿ, ಮೊದಲು ಆ ಡಬ್ಬಿ ಎಸೆಯಿರಿ ಎಂದರಂತೆ. ಅಲ್ಲಾಹನ ದಯೆಯಿಂದ ಔಷಧಿಗೆ ವಾರದಲ್ಲಿ ವಾಸಿಯಾಯಿತು. ಆದರೆ 25 ಮನೆಗೂ ಫೋನ್ ಮಾಡಿ, ನಾವು ಕೊಟ್ಟದ್ದನ್ನು ಎಸೆಯಿರಿ ಎಂದು ಹೇಳುವುದು ಎಷ್ಟು ಕಷ್ಟ ಎಂದು ಅಂದು ಗೊತ್ತಾಯಿತು. ಅದರಲ್ಲಿ ಇಬ್ಬರು, ನಮ್ಮ ಡಬ್ಬಿಗೆ ಏನೂ ಆಗಿಲ್ಲ, ಚೆನ್ನಾಗೇ ಉಂಟಲ್ಲ ಎಂದರು. ಆ ಮಾತೇ ನಮ್ಮನ್ನು ಹೆಚ್ಚು ಹೆದರಿಸಿದ್ದು.

ಆಮೇಲೆ ಓದಿ, ಕೇಳಿ, ಪುನಃ ಪುನಃ ಮಾಡಿ ಕಲಿತದ್ದನ್ನು ಇಲ್ಲಿ ಹೇಳುತ್ತೇವೆ. ಈಗ ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಸೋಪು, ಕ್ರೀಮ್, ತುಟಿಯ ಮುಲಾಮು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಮಾರುತ್ತಿದ್ದಾರೆ. ಒಳ್ಳೆಯ ಸಂಗತಿ. ಅದಕ್ಕೇ ಈ ಮಾತು ಬೇಕು ಅನಿಸಿತು.

ಎಣ್ಣೆ ಬೇರೆ, ನೀರು ಬೇರೆ

ತಪ್ಪು ಎಲ್ಲಿ ಆಗಿತ್ತು? ನೀರಿನಲ್ಲಿ. ಬ್ಯಾಕ್ಟೀರಿಯಾಕ್ಕಾಗಲೀ ಬೂಸ್ಟಿಗಾಗಲೀ ಬೆಳೆಯಲು ನೀರು ಬೇಕು. ಬರೀ ಎಣ್ಣೆ, ಮೇಣ, ತುಪ್ಪದಲ್ಲಿ ಅವು ಬೆಳೆಯುವುದಿಲ್ಲ. ಉಪ್ಪಿನಕಾಯಿ ಭರಣಿಗೆ ಹಸಿ ಚಮಚ ಹಾಕಿದರೆ ಉಮ್ಮ ಯಾಕೆ ಗದರುತ್ತಿದ್ದರು, ನೆನಪು ಮಾಡಿಕೊಳ್ಳಿ. ಲೆಕ್ಕ ಅದೇ.

ಕ್ರೀಮ್ ಅಂದರೆ ನೀರು ಮತ್ತು ಎಣ್ಣೆಯನ್ನು ಬಲವಂತವಾಗಿ ಒಂದು ಮಾಡಿದ ವಸ್ತು. ಅದರಲ್ಲಿ ಬಹುಪಾಲು ನೀರೇ. ಲೋಳೆಸರವೂ ನೀರೇ, ಅದರ ತಿರುಳಿನಲ್ಲಿ ನೂರಕ್ಕೆ 98 ಪಾಲಿಗೂ ಹೆಚ್ಚು ನೀರು ಇರುತ್ತದೆ. ಪನ್ನೀರು, ಸೌತೆಕಾಯಿ ರಸ, ಹಾಲು, ಅಕ್ಕಿ ತೊಳೆದ ನೀರು ಎಲ್ಲವೂ ಅದೇ ಸಾಲಿನವು. ಇಂಥದ್ದಕ್ಕೆ ಜೇನುತುಪ್ಪವೋ ಹಾಲೋ ಸೇರಿಸಿದರೆ ಸೂಕ್ಷ್ಮಜೀವಿಗಳಿಗೆ ಊಟವನ್ನೂ ಬಡಿಸಿದ ಹಾಗಾಯಿತು. ನಮ್ಮ ಡಬ್ಬಿಗಳು ಮಂಗಳೂರಿನ ಸೆಕೆಯಲ್ಲಿ, ಬಚ್ಚಲಿನ ಕಪಾಟಿನಲ್ಲಿ ಇದ್ದವು. ಹಸಿ ಬೆರಳು ದಿನಕ್ಕೆ ಎರಡು ಸಲ ಒಳಗೆ ಹೋಗುತ್ತಿತ್ತು. ಇನ್ನೇನು ಬೇಕು?

ಬೂಸ್ಟು ಕಂಡವರು ಅದೃಷ್ಟವಂತರು. ಕಂಡ ಕೂಡಲೇ ಎಸೆದರು. ಬ್ಯಾಕ್ಟೀರಿಯಾ ಹಾಗಲ್ಲ. ಒಂದು ಗ್ರಾಂ ಕ್ರೀಮಿನಲ್ಲಿ ಲಕ್ಷಗಟ್ಟಲೆ ಇದ್ದರೂ ಬಣ್ಣ, ವಾಸನೆ, ಮೃದುತನ ಏನೂ ಬದಲಾಗದಿರಬಹುದು. ಚೆನ್ನಾಗೇ ಉಂಟಲ್ಲ ಎಂದ ಆ ಎರಡು ಡಬ್ಬಿಗಳ ಕಥೆಯೂ ಇದೇ ಇದ್ದಿರಬಹುದು. ಗಟ್ಟಿ ಚರ್ಮದ ದೊಡ್ಡವರು ತಡೆದುಕೊಂಡಾರು. ಎಳೆ ಮಗು, ಸಕ್ಕರೆ ಕಾಯಿಲೆಯವರ ಒಡೆದ ಹಿಮ್ಮಡಿ, ಕಣ್ಣಿನ ಸುತ್ತ, ಗಾಯದ ಮೇಲೆ ಅಂಥದ್ದು ಬಿದ್ದರೆ ಸೋಂಕು ಒಳಗೆ ಇಳಿಯಲು ದಾರಿ ಸಿಕ್ಕಿದಂತೆ.

ನೀರೇ ಇಲ್ಲದ ಮುಲಾಮು

ಮನೆಯಲ್ಲಿ ಮಾಡುವವರಿಗೆ ನಮ್ಮ ಮೊದಲ ಸಲಹೆ: ನೀರನ್ನೇ ಬಿಟ್ಟುಬಿಡಿ. ನಮ್ಮ ಹಿರಿಯರು ಇದನ್ನು ಮಾಡಿಯೇ ಇದ್ದರು. ಪುನರ್ಪುಳಿ ಬೀಜದಿಂದ ತೆಗೆಯುವ ಮುರುಗಲ ತುಪ್ಪವನ್ನು ಒಡೆದ ಕಾಲಿಗೆ ಹಚ್ಚುವುದು ಪಶ್ಚಿಮ ಘಟ್ಟದ ಎರಡೂ ಬದಿಯಲ್ಲಿ ಹಳೆಯ ರೂಢಿ. ಅದರಲ್ಲಿ ಒಂದು ಹನಿ ನೀರಿಲ್ಲ. ಆದ್ದರಿಂದಲೇ ಅದು ತಿಂಗಳುಗಟ್ಟಲೆ ಉಳಿಯುತ್ತಿತ್ತು.

ನಾವು ಈಗ ಮಾಡುವ ಅಳತೆ ಹೀಗೆ: ತೆಂಗಿನೆಣ್ಣೆ 70 ಗ್ರಾಂ, ಮುರುಗಲ ತುಪ್ಪ 15 ಗ್ರಾಂ, ಜೇನುಮೇಣ 15 ಗ್ರಾಂ. ಪಾತ್ರೆಯಲ್ಲಿ ನೀರು ಕುದಿಸಿ ಅದರ ಮೇಲೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ನೇರ ಬೆಂಕಿ ಬೇಡ. ಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ. ಆವಿಯ ಹನಿ ಒಳಗೆ ಬೀಳದಂತೆ ನೋಡಿ, ಪೂರ್ತಿ ಒಣಗಿದ ಡಬ್ಬಿಗೆ ಸುರಿಯಿರಿ. ತಣಿದ ಮೇಲೆಯೇ ಮುಚ್ಚಳ ಹಾಕಿ. ಬಿಸಿ ಇರುವಾಗ ಮುಚ್ಚಿದರೆ ಒಳಗೆ ಬೆವರುತ್ತದೆ, ಆ ಬೆವರೂ ನೀರೇ.

ಈ ಅಳತೆ ಎಲ್ಲ ಊರಿಗೂ ಸರಿಬರುವುದಿಲ್ಲ. ಮುನಿರಾಬಾದಿನ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಇದು ಎಣ್ಣೆಯಾಗಿ ಹರಿಯುತ್ತದೆ. ಆಗ ಮೇಣವನ್ನು 20, 22 ಗ್ರಾಮಿಗೆ ಏರಿಸಿ ಅಷ್ಟು ಎಣ್ಣೆ ಕಮ್ಮಿ ಮಾಡುತ್ತೇವೆ. ಚಳಿಗಾಲಕ್ಕೆ 12 ಗ್ರಾಂ ಮೇಣ ಸಾಕಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ತಿದ್ದಬೇಕು. ಎಣ್ಣೆಯೂ ಕೆಡುತ್ತದೆ, ಆದರೆ ಬೇರೆ ರೀತಿ. ಗಾಳಿ, ಬೆಳಕು ತಾಗಿ ಕನರು ವಾಸನೆ ಬರುತ್ತದೆ. ಅದನ್ನು ತಡ ಮಾಡಲು ವಿಟಮಿನ್ ಇ ಕೆಲವು ಹನಿ ಹಾಕುತ್ತಾರೆ. ಅದು ಎಣ್ಣೆ ಕನರುವುದನ್ನು ತಡೆಯುವ ವಸ್ತು, ಬ್ಯಾಕ್ಟೀರಿಯಾ ಕೊಲ್ಲುವ ವಸ್ತು ಅಲ್ಲ. ವಿಟಮಿನ್ ಇ ಹಾಕಿದ್ದೇವೆ, ಪ್ರಿಸರ್ವೇಟಿವ್ ಬೇಡ ಎಂದು ಕ್ರೀಮ್ ಮಾರುವವರು ಇದ್ದಾರೆ. ನಾವೂ ಹಾಗೇ ಅಂದುಕೊಂಡಿದ್ದೆವು. ಅರಶಿನ, ಕಹಿಬೇವು, ಟೀ ಟ್ರೀ ಎಣ್ಣೆ ಹಾಕಿದರೂ ನೀರಿರುವ ಕ್ರೀಮಿಗೆ ಅದು ಕಾವಲಾಗುವುದಿಲ್ಲ. ಕಾವಲಾಗುವಷ್ಟು ಟೀ ಟ್ರೀ ಹಾಕಿದರೆ ಚರ್ಮವೇ ಉರಿಯುತ್ತದೆ.

ಕ್ರೀಮೇ ಬೇಕು ಅಂದರೆ

ಮುಲಾಮು ಜಿಡ್ಡು, ಮುಖಕ್ಕೆ ಹಗುರ ಕ್ರೀಮೇ ಬೇಕು ಅನ್ನುವವರು ಇದ್ದಾರೆ. ಮಾಡಬಹುದು. ಆದರೆ ಆಗ ಅಡುಗೆಯ ಕೈಯಂದಾಜು ನಡೆಯುವುದಿಲ್ಲ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ, ಅಡುಗೆ ಥರ್ಮಾಮೀಟರ್, ಪಿಎಚ್ ಕಾಗದ ಈ ಮೂರು ಇಲ್ಲದೆ ಕೈ ಹಾಕಬೇಡಿ.

100 ಗ್ರಾಂ ಕ್ರೀಮಿಗೆ: ಡಿಸ್ಟಿಲ್ಡ್ ವಾಟರ್ 71 ಗ್ರಾಂ, ಗ್ಲಿಸರಿನ್ 4, ಎಣ್ಣೆ 18, ಎಮಲ್ಸಿಫೈಯಿಂಗ್ ವ್ಯಾಕ್ಸ್ 6, ಪ್ರಿಸರ್ವೇಟಿವ್ 1 ಗ್ರಾಂ. ಜೇನುಮೇಣ ಒಂದೇ ನೀರು ಎಣ್ಣೆಯನ್ನು ಹಿಡಿದಿಡುವುದಿಲ್ಲ. ಎಮಲ್ಸಿಫೈಯಿಂಗ್ ವ್ಯಾಕ್ಸ್ ಬೇರೆಯೇ ವಸ್ತು. ನೀರು ಗ್ಲಿಸರಿನ್ ಒಂದು ಪಾತ್ರೆಯಲ್ಲಿ, ಎಣ್ಣೆ ವ್ಯಾಕ್ಸ್ ಇನ್ನೊಂದರಲ್ಲಿ, ಎರಡನ್ನೂ 70ರಿಂದ 75 ಡಿಗ್ರಿಗೆ ಕಾಯಿಸಿ, ಒಂದಕ್ಕೊಂದು ಸೇರಿಸಿ ಕಡೆಯಬೇಕು. 40 ಡಿಗ್ರಿಗೆ ಇಳಿದ ಮೇಲೆ ಪ್ರಿಸರ್ವೇಟಿವ್.

ನೀರಿನ ಬಗ್ಗೆ ಒಂದು ಮಾತು. ಕೊಪ್ಪಳ ಜಿಲ್ಲೆಯ ಬೋರ್‌ವೆಲ್ ನೀರು ಗಡಸು. ಕುಷ್ಟಗಿ, ಯಲಬುರ್ಗಾ ಕಡೆ ಫ್ಲೋರೈಡ್ ತೊಂದರೆ ಇರುವುದು ಎಲ್ಲರಿಗೂ ಗೊತ್ತು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಲವಣ ಹೋಗುವುದಿಲ್ಲ. ಹಾಗೆಯೇ, ಕುದಿಸಿ ಆರಿಸಿದ ನೀರಿಗೆ ಪ್ರಿಸರ್ವೇಟಿವ್ ಬೇಡ ಎಂಬುದೂ ತಪ್ಪು. ಮುಚ್ಚಳ ತೆರೆದು ಬೆರಳು ಹಾಕಿದ ಕ್ಷಣದಿಂದ ಅದು ಮತ್ತೆ ಹಸಿ ನೀರೇ.

ಪ್ರಿಸರ್ವೇಟಿವ್ ಅಂದ ಕೂಡಲೇ ಕೆಮಿಕಲ್ ಎಂದು ಮುಖ ಸಿಂಡರಿಸುವವರು ಬಹಳ. ನಾವೂ ಹಾಗೇ ಇದ್ದೆವು. ಫಿನಾಕ್ಸಿಎಥನಾಲ್ ಸೇರಿದ ದ್ರವಗಳು ಮನೆಯವರಿಗೆ ಸುಲಭ. ಫಿನಾಕ್ಸಿಎಥನಾಲ್ ಮಿತಿ ಒಟ್ಟು ತೂಕದ ಶೇ. 1. ಯಾವ ದ್ರವ ಕೊಂಡರೂ ಅದರ ಚೀಟಿಯಲ್ಲಿ ಬರೆದ ಅಳತೆಯೇ ಕೊನೆಯ ಮಾತು. ಸೋಡಿಯಂ ಬೆನ್ಝೋಯೇಟ್, ಪೊಟಾಸಿಯಂ ಸೋರ್ಬೇಟ್ ಆಹಾರಕ್ಕೂ ಹಾಕುವಂಥವು, ಆದರೆ ಕ್ರೀಮಿನ ಪಿಎಚ್ ಸುಮಾರು 5ಕ್ಕಿಂತ ಮೇಲಿದ್ದರೆ ಅವುಗಳ ಬಲ ಕುಂದುತ್ತದೆ. ಪಿಎಚ್ ಕಾಗದ ಬೇಕು ಎಂದದ್ದು ಇದಕ್ಕೇ. ಕಡಿಮೆ ಹಾಕಿದರೆ ಕೆಲಸ ಮಾಡದು, ಜಾಸ್ತಿ ಹಾಕಿದರೆ ಚರ್ಮ ಸುಡುತ್ತದೆ. ಚಮಚದ ಅಳತೆಗೆ ಇಲ್ಲಿ ಜಾಗ ಇಲ್ಲ.

ಇದು ಯಾವುದೂ ಬೇಡ ಅನ್ನುವವರಿಗೆ ದಾರಿ ಒಂದೇ. ಎರಡು ಮೂರು ದಿನಕ್ಕೆ ಬೇಕಾದಷ್ಟೇ ಮಾಡಿ, ಫ್ರಿಜ್ಜಿನಲ್ಲಿಟ್ಟು, ಮುಗಿಸಿಬಿಡಿ. ಗ್ರೀಕ್ ವೈದ್ಯ ಗ್ಯಾಲೆನ್ ಕಾಲದ ಕೋಲ್ಡ್ ಕ್ರೀಮಿನಲ್ಲೂ ಇದ್ದದ್ದು ಎಣ್ಣೆ, ಮೇಣ, ನೀರು. ಅಂಥ ಹಳೆಯ ಕ್ರೀಮುಗಳಿಗೆ ತಾಜಾತನವೇ ಕಾವಲು. ಸುಮಾರು ಸಾವಿರ ವರ್ಷಗಳ ಹಿಂದೆ ಕೊರ್ದೊವಾದಲ್ಲಿದ್ದ ಅಝ್ಝಹ್ರಾವಿ ತಮ್ಮ 30 ಭಾಗಗಳ ವೈದ್ಯ ಗ್ರಂಥ ‘ಅತ್ತಸ್ರೀಫ್’ನಲ್ಲಿ ಸೌಂದರ್ಯ ಸಾಧನಗಳಿಗೂ ಜಾಗ ಕೊಟ್ಟರು. ಮೈಗೆ ಹಚ್ಚುವುದನ್ನು ಅವರು ವೈದ್ಯದ ಭಾಗವಾಗಿಯೇ ಕಂಡರು. ನಾವೂ ಅಷ್ಟೇ ಗಂಭೀರವಾಗಿ ಕಾಣಬೇಕು.

ವುಝೂ, ಹಲಾಲ್ ಮತ್ತು ಬಿಳಿ ಬಣ್ಣದ ಆಸೆ

ನಮ್ಮ ಹೆಂಗಸರು ಮೊದಲು ಕೇಳುವ ಪ್ರಶ್ನೆ, ಹಚ್ಚಿದ ಮೇಲೆ ವುಝೂ ಆಗುತ್ತಾ ಎಂದು. ಎಣ್ಣೆಯ ಜಿಡ್ಡು ಉಳಿದರೆ ಅಡ್ಡಿ ಇಲ್ಲ, ಆದರೆ ನೀರು ಚರ್ಮಕ್ಕೆ ತಲುಪದಂತೆ ಮೇಣದ ಪದರ ಕೂತಿದ್ದರೆ ತೆಗೆಯಬೇಕು ಎಂದು ಉಸ್ತಾದರು ಹೇಳುತ್ತಾರೆ. ನಾವು ಹಿಮ್ಮಡಿಯ ಮುಲಾಮನ್ನು ಇಶಾ ನಮಾಝ್ ಮುಗಿಸಿ ಹಚ್ಚಿ, ಸುಬಹಿಗೆ ಸೋಪು ಹಾಕಿ ತೊಳೆಯುತ್ತೇವೆ. ಗ್ಲಿಸರಿನ್, ಸ್ಟಿಯರಿಕ್ ಆ್ಯಸಿಡ್ ಎರಡೂ ಪ್ರಾಣಿಯ ಕೊಬ್ಬಿನಿಂದಲೂ ಬರುತ್ತವೆ, ಸಸ್ಯದಿಂದಲೂ ಬರುತ್ತವೆ. ಕೊಳ್ಳುವಾಗ ಸಸ್ಯಮೂಲ ಎಂದು ಬರೆದದ್ದನ್ನೇ ಕೇಳಿ ಪಡೆಯಿರಿ. ಉಮ್ರಾಕ್ಕೆ ಹೋಗುವವರಿಗೆ ಮಾಡಿಕೊಡುವಾಗ ಪರಿಮಳ ಹಾಕಬೇಡಿ. ಇಹ್ರಾಮಿನಲ್ಲಿ ಸುಗಂಧ ಇಲ್ಲ.

ಎರಡನೇ ಪ್ರಶ್ನೆ ಬೇಸರದ್ದು: ಬಿಳಿ ಆಗುವ ಕ್ರೀಮ್ ಉಂಟಾ? ನಮ್ಮ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಮೂತ್ರಪಿಂಡದ ವೈದ್ಯರು ಕಂಡದ್ದನ್ನು ಹೇಳುತ್ತೇವೆ. 2021ರಿಂದ 2023ರ ನಡುವೆ ಬಂದ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ಮಂದಿಯಲ್ಲಿ 15 ಮಂದಿಗೆ ವಿಶೇಷ ಲಕ್ಷಣ ಕಂಡಿತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಹಚ್ಚಿದವರು. ಕಾರಣ ಪಾದರಸ. ಪಾದರಸ ಬಣ್ಣವನ್ನು ತಡೆಯುತ್ತದೆ, ಚರ್ಮದ ಮೂಲಕ ಒಳಗಿಳಿದು ಕಿಡ್ನಿಯನ್ನು ಹಿಡಿಯುತ್ತದೆ. ನಮ್ಮ ದೇಶದ ನಿಯಮದ ಪ್ರಕಾರ ಕಣ್ಣಿನ ಭಾಗದ್ದು ಬಿಟ್ಟು ಉಳಿದ ಯಾವ ಸೌಂದರ್ಯ ವಸ್ತುವಿನಲ್ಲೂ ಅದು ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು ಮೀರಬಾರದು. ಮದುವೆಗೆ ತಿಂಗಳಿರುವಾಗ ಹೆಸರಿಲ್ಲದ ಡಬ್ಬಿ ತಂದು ಮಗಳ ಮುಖಕ್ಕೆ ಹಚ್ಚುವ ಮನೆಗಳು ಇದನ್ನು ಓದಬೇಕು. ಮೆಡಿಕಲ್‌ನ ಸ್ಟಿರಾಯ್ಡ್ ಟ್ಯೂಬನ್ನು ಮನೆ ಕ್ರೀಮಿಗೆ ಬೆರೆಸಿ ಮಾರುವುದೂ ಇದೇ ಜಾತಿಯ ಅಪರಾಧ. ನಾವಂತೂ ಆ ಪ್ರಶ್ನೆಗೆ ಇಲ್ಲ ಎಂದೇ ಹೇಳುತ್ತೇವೆ.

ಮಾರುವವರಿಗೆ

ಮನೆಗೆ ಮಾಡುವುದು ಒಂದು, ಮಾರುವುದು ಇನ್ನೊಂದು. 1940ರ ಔಷಧ ಮತ್ತು ಸೌಂದರ್ಯ ಸಾಧನ ಕಾಯ್ದೆ, 2020ರ ಸೌಂದರ್ಯ ಸಾಧನ ನಿಯಮಗಳ ಪ್ರಕಾರ ಮಾರಾಟಕ್ಕೆ ಕ್ರೀಮ್ ತಯಾರಿಸಲು ಲೈಸೆನ್ಸ್ ಬೇಕು. ಹತ್ತು ಡಬ್ಬಿಯಾದರೂ ಬೇಕು. ಸ್ವಂತ ಘಟಕ ಹಾಕಲು ಆಗದವರಿಗೆ, ಲೈಸೆನ್ಸ್ ಇರುವ ಇನ್ನೊಬ್ಬರ ಘಟಕದಲ್ಲಿ ತಯಾರಿಸುವ ಲೋನ್ ಲೈಸೆನ್ಸ್ ಎಂಬ ದಾರಿಯೂ ಉಂಟು. ನಾಲ್ಕೈದು ಮಂದಿ ಹೆಣ್ಣುಮಕ್ಕಳು ಸೇರಿದರೆ ಅದು ಅಸಾಧ್ಯವೇನಲ್ಲ. ಡಬ್ಬಿಯ ಮೇಲೆ ಏನೇನು ಹಾಕಿದೆ, ಯಾವಾಗ ಮಾಡಿದ್ದು, ಯಾವಾಗಿನವರೆಗೆ ಹಚ್ಚಬಹುದು, ಬ್ಯಾಚ್ ಸಂಖ್ಯೆ ಎಷ್ಟು, ಮಾಡಿದವರು ಯಾರು ಎಂದು ಬರೆದಿರಬೇಕು. ಬ್ಯಾಚ್ ಸಂಖ್ಯೆ ಯಾಕೆ ಬೇಕೆಂದು 25 ಫೋನ್ ಮಾಡಿದ ನಮಗೆ ಗೊತ್ತು.

ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿ (ಸ.ಅ.) ಅವರು ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ ಘಟನೆ ಮದ್ರಸದಲ್ಲಿ ಕೇಳಿದವರಿಗೆಲ್ಲ ನೆನಪಿರುತ್ತದೆ. ಮೇಲೆ ಒಣಗಿದ ಧಾನ್ಯ, ಒಳಗೆ ಬೆರಳಿಗೆ ತಾಗಿದ್ದು ಒದ್ದೆ. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಆ ಒದ್ದೆಯನ್ನು ಮೇಲೆ ಇಡಬಾರದಿತ್ತೇ ಎಂದು ಕೇಳಿದರು. ಆ ವ್ಯಾಪಾರಿ ಮಳೆ ಬರಿಸಿದವನಲ್ಲ, ಒದ್ದೆಯನ್ನು ಮುಚ್ಚಿಟ್ಟದ್ದು ಅವನ ತಪ್ಪು.

ನಮ್ಮ ಡಬ್ಬಿಯೊಳಗೂ ಇದ್ದದ್ದು ಕಣ್ಣಿಗೆ ಕಾಣದ ಅದೇ ಒದ್ದೆ. ಗೊತ್ತಿಲ್ಲದೆ ಕೊಟ್ಟೆವು ಎಂಬುದು ಒಂದು ಸಲಕ್ಕೆ ನೆಪವಾದೀತು. ಗೊತ್ತಾದ ಮೇಲೆ ಆ ನೆಪ ಇಲ್ಲ. ಈಗ ಊರಿಗೆ ಹೋಗುವಾಗ ನಾವು ಕೊಂಡುಹೋಗುವುದು ನೀರಿಲ್ಲದ ಮುಲಾಮು ಮಾತ್ರ. ಡಬ್ಬಿಯ ಮೇಲೆ ಮಾಡಿದ ದಿನಾಂಕ, ಒಳಗೆ ಹಾಕಿದ ಮೂರೂ ವಸ್ತುಗಳ ಹೆಸರು, ಕೆಳಗೆ ಒಂದು ಸಾಲು ಬರೆಯುತ್ತೇವೆ: ಒಣಗಿದ ಕೈಯಲ್ಲೇ ತೆಗೆಯಿರಿ.