ಹಿನ್ನೀರಿನ ದಂಡೆಯ ಎರಡನೆಯ ಮನೆ: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ವ್ಯಾಪಾರವಾಗಲಿ, ಕೈಗಾರಿಕೆಯಾಗಲಿ, ಒಂದು ಹಂತವನ್ನು ತಲುಪಿದ ಮೇಲೆ ಅದರ ಮಾಲೀಕನ ಮನಸ್ಸಿನಲ್ಲಿ ಒಂದು ಆಸೆ ಮೂಡುವುದು ಸಹಜ. ಊರಿನ ಗದ್ದಲದಿಂದ ದೂರವಾಗಿ, ಕೆರೆಯ ಅಥವಾ ಜಲಾಶಯದ ದಂಡೆಯಲ್ಲಿ ತನ್ನದೇ ಆದ ಒಂದು ಮನೆ ಇರಬೇಕೆಂಬುದೇ ಆ ಆಸೆ. ಈ ಸಂಬಂಧ ಸಲಹೆ ಕೇಳಿ ಬರುವವರ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿದೆ. ಕರ್ನಾಟಕ ಭೂಸುಧಾರಣಾ ಕಾಯಿದೆಯ 79-ಎ ಮತ್ತು 79-ಬಿ ಕಲಮುಗಳನ್ನು 2020ರಲ್ಲಿ ರದ್ದುಪಡಿಸಿದ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿ ತೆರೆದಿರುವುದು ಇದಕ್ಕೆ ಒಂದು ಕಾರಣ. ಆದರೆ ಕಾನೂನು ಅನುಮತಿಸುತ್ತದೆ ಎಂಬುದೂ ವ್ಯವಹಾರ ಲಾಭದಾಯಕ ಎಂಬುದೂ ಒಂದೇ ಅಲ್ಲ. ನನ್ನ ಕಕ್ಷಿದಾರರೊಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಹೆಸರನ್ನು ಹೇಳದೆ, ಸದಸ್ಯರ ಮುಂದೆ ಇಡುತ್ತಿದ್ದೇನೆ. ಅಂಕಿಗಳನ್ನು ಈಗಿನ ದರಗಳಿಗೆ ಹೊಂದಿಸಿ ಕೊಟ್ಟಿದ್ದೇನೆ.

ಪ್ರಕರಣ

ಇವರು ಮೈಸೂರಿನಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಉದ್ಯಮಿ. ಏಕಮಾಲೀಕತ್ವದ ಸಂಸ್ಥೆ, 26 ಜನ ಕೆಲಸಗಾರರು. ಒಂದು ನವೆಂಬರ್ ತಿಂಗಳಲ್ಲಿ ಹೆಗ್ಗಡದೇವನಕೋಟೆಯ ಕಡೆ ಕಬಿನಿ ಹಿನ್ನೀರಿನ ದಂಡೆಯಲ್ಲಿ ಒಂದು ಮನೆಯನ್ನು ನೋಡಿ ಬಂದರು. ಬೆಲೆ 90 ಲಕ್ಷ ರೂಪಾಯಿ. ಜಗಲಿಯ ಮೆಟ್ಟಿಲಿನಿಂದ ಅರವತ್ತು ಹೆಜ್ಜೆ ನಡೆದರೆ ನೀರು. ಮಧ್ಯವರ್ತಿಯ ಒತ್ತಾಯಕ್ಕೆ ಮಣಿದು 5 ಲಕ್ಷ ರೂಪಾಯಿ ಮುಂಗಡ ಕೊಡಲು ಸಿದ್ಧರಾಗಿ ಕಚೇರಿಗೆ ಬಂದಿದ್ದರು.

ಅವರ ಆಸೆಗೆ ಬೇರೊಂದು ಕಾರಣವೂ ಇತ್ತು. ಅವರ ತಾಯಿಯ ತವರೂರು ಕಬಿನಿ ಅಣೆಕಟ್ಟು ಕಟ್ಟಿದಾಗ ಮುಳುಗಡೆಯಾದ ಊರುಗಳಲ್ಲೊಂದು. ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಆ ತಾಯಿಗೆ ಈಗ ಎಂಬತ್ತರ ಮೇಲಾಗಿದೆ. "ಅವ್ವ ಇರುವಷ್ಟು ದಿನ ಆ ನೀರು ನೋಡಿಕೊಂಡು ಕೂರಲಿ ಸಾರ್" ಎಂದರು. ಇಂತಹ ಮಾತಿಗೆ ಲೆಕ್ಕಪರಿಶೋಧಕನ ಬಳಿ ಉತ್ತರವಿರುವುದಿಲ್ಲ. ನಾನು ಕೇಳಿದ್ದು ಎರಡೇ: ಮುಂಗಡವನ್ನು ಚೆಕ್ ಮೂಲಕವೇ ಕೊಡಿ, ಹಕ್ಕಿನಲ್ಲಿ ಅಥವಾ ಅಳತೆಯಲ್ಲಿ ದೋಷ ಕಂಡುಬಂದರೆ ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸತಕ್ಕದ್ದೆಂಬ ಷರತ್ತನ್ನು ಕರಾರು ಪತ್ರದಲ್ಲಿ ಬರೆಸಿ, ಆರು ತಿಂಗಳ ಅವಧಿ ಪಡೆಯಿರಿ. ಮಾರಾಟಗಾರ ಸ್ವಲ್ಪ ಗೊಣಗಿ ಒಪ್ಪಿದ.

ಮೊದಲ ಲೆಕ್ಕ: ನಿಜವಾದ ಬೆಲೆ

ಮನೆಯ ಬೆಲೆ 90 ಲಕ್ಷವಾದರೂ ಕೈಬಿಡುವ ಹಣ ಅಷ್ಟೇ ಅಲ್ಲ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ, ಇವೆಲ್ಲ ಸೇರಿ ಗ್ರಾಮಾಂತರ ಪ್ರದೇಶದಲ್ಲಿ ಸುಮಾರು ಶೇ. 7.65 ಆಗುತ್ತದೆ, ಅಂದರೆ 6.88 ಲಕ್ಷ. ವಕೀಲರ ಶುಲ್ಕ, ಅಳತೆ, ದುರಸ್ತಿ, ಪಂಪು, ಸೌರ ಬೇಲಿ, ಪೀಠೋಪಕರಣ ಇವಕ್ಕೆ 6.12 ಲಕ್ಷ. ಒಟ್ಟು 1 ಕೋಟಿ 3 ಲಕ್ಷ.

ಇದರಲ್ಲಿ 50 ಲಕ್ಷವನ್ನು ಶೇ. 9ರ ಬಡ್ಡಿಯಲ್ಲಿ 15 ವರ್ಷದ ಸಾಲವಾಗಿ ಪಡೆದು, ಉಳಿದ 53 ಲಕ್ಷವನ್ನು ವ್ಯಾಪಾರದಿಂದ ತೆಗೆಯುವುದು ಅವರ ಯೋಜನೆ. ವ್ಯಾಪಾರದಿಂದ ತೆಗೆದ ಹಣಕ್ಕೆ ಬಡ್ಡಿಯಿಲ್ಲ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಅವರ ಓವರ್‌ಡ್ರಾಫ್ಟ್ ಖಾತೆಯ ಬಡ್ಡಿ ಶೇ. 10.5. ಖಾತೆಯಿಂದ 53 ಲಕ್ಷ ಹೊರಗೆ ಹೋದರೆ ಅಷ್ಟರಮಟ್ಟಿಗೆ ಬಾಕಿ ಹೆಚ್ಚುತ್ತದೆ.

ಮೊದಲ ವರ್ಷದ ಹೊರೆ ಹೀಗಿದೆ:

ಗೃಹಸಾಲದ ಬಡ್ಡಿ: 4.43 ಲಕ್ಷ
ವ್ಯಾಪಾರದಿಂದ ತೆಗೆದ 53 ಲಕ್ಷದ ಮೇಲಿನ ಬಡ್ಡಿ: 5.57 ಲಕ್ಷ
ಕಾವಲುಗಾರನ ಸಂಬಳ, ವಿದ್ಯುತ್, ನಿರ್ವಹಣೆ, ವಿಮೆ, ಕಂದಾಯ: 3.00 ಲಕ್ಷ
ಒಟ್ಟು: 13.00 ಲಕ್ಷ

ಇದರಲ್ಲಿ ಸಾಲದ ಅಸಲಿನ ಕಂತು ಸೇರಿಲ್ಲ ಎಂಬುದನ್ನು ಗಮನಿಸಬೇಕು.

ಎರಡನೆಯ ಲೆಕ್ಕ: ಎಷ್ಟು ರಾತ್ರಿ?

ಹಿಂದಿನ ವರ್ಷದ ಡೈರಿಯನ್ನು ತಂದು, ಊರು ಬಿಟ್ಟು ಎಷ್ಟು ರಾತ್ರಿ ಹೊರಗೆ ಉಳಿಯಲು ಸಾಧ್ಯವಾಗಿತ್ತೆಂದು ಎಣಿಸಲು ಹೇಳಿದೆ. ಜಿ.ಎಸ್.ಟಿ. ವಿವರಪಟ್ಟಿಯ ದಿನಗಳು, ಸಂಬಳದ ವಾರ, ಮದುವೆ ಮುಂಜಿ, ಮೊಮ್ಮಗಳ ಪರೀಕ್ಷೆ ಎಲ್ಲವನ್ನೂ ಕಳೆದರೆ ಉಳಿದದ್ದು 22 ರಾತ್ರಿ. 13 ಲಕ್ಷವನ್ನು 22ರಿಂದ ಭಾಗಿಸಿದರೆ ಒಂದು ರಾತ್ರಿಗೆ 59 ಸಾವಿರ ರೂಪಾಯಿ. ಅದೇ ಪ್ರದೇಶದ ಒಳ್ಳೆಯ ವಸತಿಗೃಹದಲ್ಲಿ ಎರಡು ಕೋಣೆಗಳಿಗೆ ರಾತ್ರಿಗೆ 30 ಸಾವಿರವೆಂದು ಹಿಡಿದರೂ 22 ರಾತ್ರಿಗೆ 6.60 ಲಕ್ಷ. ವ್ಯತ್ಯಾಸ ವರ್ಷಕ್ಕೆ 6.40 ಲಕ್ಷ. ಎರಡೂ ಸಮನಾಗಬೇಕಾದರೆ ಅವರು ವರ್ಷಕ್ಕೆ 44 ರಾತ್ರಿಯಾದರೂ ಅಲ್ಲಿ ಉಳಿಯಬೇಕು.

"ಜಾಗದ ಬೆಲೆ ಏರುವುದಿಲ್ಲವೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಈ ವ್ಯತ್ಯಾಸವನ್ನು ತುಂಬಲು 90 ಲಕ್ಷದ ಆಸ್ತಿ ವರ್ಷಕ್ಕೆ ಸುಮಾರು ಶೇ. 7ರಷ್ಟು ಬೆಲೆ ಕಾಣಬೇಕು. ಅದರ ಮೇಲೆ ಕೊಳ್ಳುವಾಗ ಖರ್ಚಾದ 13 ಲಕ್ಷವೂ ಬರಬೇಕು. ಜೊತೆಗೆ, ನೀರಿನ ದಂಡೆಯ ಮನೆಗೆ ಗಿರಾಕಿ ಬೇಕಾದಾಗ ಸಿಗುವುದಿಲ್ಲ. ನಗರದ ನಿವೇಶನ ತಿಂಗಳೊಳಗೆ ಹಣವಾಗಬಹುದು. ಇದು ವರ್ಷಗಟ್ಟಲೆ ಕಾಯಿಸಬಹುದು.

ತೆರಿಗೆಯ ಕೋನ

ಎರಡನೆಯ ಮನೆಯಿಂದ ತೆರಿಗೆ ಉಳಿಯುತ್ತದೆ ಎಂಬ ನಂಬಿಕೆ ಈಗ ಬಹುಮಟ್ಟಿಗೆ ಹಳತಾಗಿದೆ. ಸ್ವಂತ ಬಳಕೆಯ ಎರಡು ಮನೆಗಳ ವಾರ್ಷಿಕ ಮೌಲ್ಯವನ್ನು ಶೂನ್ಯವೆಂದು ಪರಿಗಣಿಸುವ ಅನುಕೂಲ 2019ರ ಹಣಕಾಸು ಕಾಯಿದೆಯಿಂದ ದೊರೆತಿದೆ, ನಿಜ. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ಕಡಿತವಿಲ್ಲ. ಹಳೆಯ ಪದ್ಧತಿಯಲ್ಲಿ ಎರಡೂ ಮನೆಗಳಿಗೆ ಸೇರಿ ಮಿತಿ 2 ಲಕ್ಷ ರೂಪಾಯಿ. 2026ರ ಏಪ್ರಿಲ್ 1ರಿಂದ ಜಾರಿಯಾಗುವ 2025ರ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆಗಳು ಬದಲಾಗಿರುವುದರಿಂದ ಇಲ್ಲಿ ಅವನ್ನು ಉಲ್ಲೇಖಿಸಿಲ್ಲ.

ಸದಸ್ಯರು ಮುಖ್ಯವಾಗಿ ಗಮನಿಸಬೇಕಾದ ಅಂಶಗಳು ನಾಲ್ಕು.

ಒಂದು, ಓವರ್‌ಡ್ರಾಫ್ಟ್ ಹಣದಿಂದ ಮನೆ ಕೊಂಡರೆ ಅಷ್ಟರಮಟ್ಟಿನ ಬಡ್ಡಿಯನ್ನು ವ್ಯಾಪಾರದ ಖರ್ಚೆಂದು ತೆರಿಗೆ ಅಧಿಕಾರಿ ಒಪ್ಪದಿರಬಹುದು. ಬ್ಯಾಂಕು ಕೂಡ ಇದನ್ನು ಸಾಲದ ಹಣದ ಅನ್ಯ ಬಳಕೆಯೆಂದು ಪರಿಗಣಿಸುತ್ತದೆ.

ಎರಡು, ಖಾಲಿ ನಿವೇಶನ, ಷೇರು ಅಥವಾ ಚಿನ್ನವನ್ನು ಮಾರಿ ಬಂದ ಹಣದಿಂದ ವಾಸದ ಮನೆ ಕೊಂಡರೆ ದೀರ್ಘಾವಧಿ ಬಂಡವಾಳ ಲಾಭಕ್ಕೆ ವಿನಾಯಿತಿ ಉಂಟು. ಆದರೆ ಮಾರುವ ದಿನ ಹೊಸ ಮನೆಯನ್ನು ಬಿಟ್ಟು ಒಂದಕ್ಕಿಂತ ಹೆಚ್ಚು ಮನೆಗಳು ಹೆಸರಿನಲ್ಲಿದ್ದರೆ ಆ ವಿನಾಯಿತಿ ಸಿಗದು. ಊರಿನಲ್ಲೊಂದು, ಹಿನ್ನೀರಿನಲ್ಲೊಂದು ಮನೆ ಇದ್ದವರು ಮುಂದೊಂದು ದಿನ ದೊಡ್ಡ ನಿವೇಶನವನ್ನು ಮಾರಿದಾಗ ಇದರ ಬಿಸಿ ಅನುಭವಿಸುತ್ತಾರೆ.

ಮೂರು, ಈಗ ಕೊಂಡ ಮನೆಯನ್ನು ಎರಡು ವರ್ಷಗಳ ನಂತರ ಮಾರಿದರೆ ಲಾಭದ ಮೇಲೆ ಶೇ. 12.5 ತೆರಿಗೆ. 2024ರ ಜುಲೈ 23ರ ನಂತರ ಕೊಂಡ ಆಸ್ತಿಗೆ ಹಣದುಬ್ಬರ ಸೂಚ್ಯಂಕದ ಅನುಕೂಲ ಇಲ್ಲ.

ನಾಲ್ಕು, ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಶೇ. 1ರಷ್ಟು ತೆರಿಗೆಯನ್ನು ಮುರಿದು ಕಟ್ಟುವ ಹೊಣೆ ಕೊಳ್ಳುವವನದು. "ಸ್ವಲ್ಪ ನಗದು" ಎಂಬ ಮಾತಿಗೆ ಒಪ್ಪಲೇಬಾರದು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆದವನಿಗೆ ಅಷ್ಟೇ ಮೊತ್ತದ ದಂಡವುಂಟು. ಕೊಟ್ಟವನಿಗೆ ಮುಂದೆ ಮಾರುವಾಗ ಆ ಮೊತ್ತ ಕೊಂಡ ಬೆಲೆಯಲ್ಲಿ ಲೆಕ್ಕಕ್ಕೆ ಬಾರದು.

ಉಳಿದ ದಿನಗಳಲ್ಲಿ ಹೋಂಸ್ಟೇ ನಡೆಸಿ ಖರ್ಚು ತೂಗಿಸುವ ಯೋಚನೆಯೂ ಅವರಿಗಿತ್ತು. ಮನೆಯವರು ವಾಸವಿದ್ದು ಅತಿಥಿಗಳನ್ನು ಸತ್ಕರಿಸುವುದೇ ಹೋಂಸ್ಟೇಯ ಮೂಲ ಕಲ್ಪನೆ. ಬೀಗ ಹಾಕಿದ ಮನೆಗೆ ಕಾವಲುಗಾರನನ್ನಿಟ್ಟು ನಡೆಸುವುದು ಬೇರೆಯೇ ಉದ್ಯಮ. ಅದಕ್ಕೆ ಬೇರೆ ಪರವಾನಗಿ, ಬೇರೆ ತಲೆನೋವು.

ಮೇ ತಿಂಗಳಲ್ಲಿ ನೋಡಿ

ಜಲಾಶಯವು ಕೆರೆಯಲ್ಲ, ಅದು ತುಂಬುವುದೂ ಖಾಲಿಯಾಗುವುದೂ ಮಳೆ ಮತ್ತು ನೀರಾವರಿಯ ಲೆಕ್ಕದಂತೆ. ಕಬಿನಿಯ ಪೂರ್ಣ ಮಟ್ಟ 2284 ಅಡಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಬಯಲಾದ ನೆಲದಲ್ಲಿ ಹುಲ್ಲು ಚಿಗುರುತ್ತದೆ. ನಾಗರಹೊಳೆ, ಬಂಡೀಪುರಗಳ ಆನೆಹಿಂಡುಗಳು ಅಲ್ಲಿ ಸೇರುವುದು ಆಗಲೇ. ಪ್ರವಾಸಿಗೆ ಇದು ಸೊಬಗು. ಮನೆಯ ಮಾಲೀಕನಿಗೆ ಬೇಲಿ, ಪೈಪು, ತೋಟದ ಚಿಂತೆ. ನನ್ನ ಸಲಹೆಯಂತೆ ಅವರು ಏಪ್ರಿಲ್ ಕೊನೆಯಲ್ಲಿ ಮತ್ತೆ ಹೋಗಿ ನೋಡಿದರು. ನವೆಂಬರಿನಲ್ಲಿ ಅರವತ್ತು ಹೆಜ್ಜೆಯಲ್ಲಿದ್ದ ನೀರು ಅರ್ಧ ಕಿಲೋಮೀಟರಿಗೂ ಆಚೆ ಹೋಗಿತ್ತು. ನಡುವೆ ಬಿರುಕು ಬಿಟ್ಟ ಕೆಸರು. ಹಿನ್ನೀರಿನ ಆಸ್ತಿಯನ್ನು ನೀರು ತುಂಬಿದಾಗ ಒಮ್ಮೆ, ಇಳಿದಾಗ ಒಮ್ಮೆ ನೋಡದೆ ಕೊಳ್ಳಬಾರದು.

ಪತ್ರದ ಜಮೀನು, ಬೇಲಿಯ ಜಮೀನು

ಅಷ್ಟರೊಳಗೆ ಹದ್ದುಬಸ್ತು ಅಳತೆಯ ವರದಿ ಬಂದಿತು. ಬೇಲಿಯ ಒಳಗೆ ಇದ್ದದ್ದು 40 ಗುಂಟೆ. ಪಹಣಿ ಮತ್ತು ಭೂಪರಿವರ್ತನೆ ಆದೇಶದಲ್ಲಿದ್ದದ್ದು 29 ಗುಂಟೆ. ನೀರಿನ ಕಡೆಯ 11 ಗುಂಟೆ ಜಲಾಶಯಕ್ಕಾಗಿ ಹಿಂದೆಯೇ ಸರ್ಕಾರ ಸ್ವಾಧೀನಪಡಿಸಿಕೊಂಡಿದ್ದ ಜಮೀನು. ಅವರು ಮೆಚ್ಚಿದ್ದ ಜಗಲಿ ನಿಂತಿದ್ದು ಆ 11 ಗುಂಟೆಯ ಮೇಲೆ. ಮಾರಾಟಗಾರನಿಗೆ ಇದು ತಿಳಿಯದೇ ಇತ್ತೆಂದು ನನಗೆ ಅನ್ನಿಸಲಿಲ್ಲ.

"ಎಲ್ಲರೂ ಹೀಗೇ ಕಟ್ಟಿದ್ದಾರೆ, ಮುಂದೆ ಸಕ್ರಮವಾಗುತ್ತದೆ" ಎಂದು ಮಧ್ಯವರ್ತಿ ಸಮಾಧಾನ ಹೇಳಿದ. ಇಂತಹ ಮಾತಿಗೆ ಬೆಲೆ ಕೊಡುವ ಮುನ್ನ ಎರಡು ತೀರ್ಪುಗಳನ್ನು ನೆನೆಯಬೇಕು. ಜಗಪಾಲ್ ಸಿಂಗ್ ಪ್ರಕರಣದಲ್ಲಿ (2011) ಗ್ರಾಮದ ಕೆರೆಯ ಜಾಗದ ಒತ್ತುವರಿಯನ್ನು ತೆರವುಗೊಳಿಸಲು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಅಪಾರ ಹಣ ಸುರಿದು ಮನೆ ಕಟ್ಟಿರುವುದು ಸಕ್ರಮಕ್ಕೆ ಆಧಾರವಾಗದು ಎಂದಿತು. ಕೊಚ್ಚಿಯ ಮರಡುವಿನಲ್ಲಿ ಹಿನ್ನೀರಿನ ದಂಡೆಯ ನಾಲ್ಕು ಬಹುಮಹಡಿ ವಸತಿ ಸಮುಚ್ಚಯಗಳನ್ನು ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿದ್ದಕ್ಕಾಗಿ 2020ರ ಜನವರಿ 11 ಮತ್ತು 12ರಂದು ಸ್ಫೋಟಕಗಳಿಂದ ಕೆಡವಲಾಯಿತು. ಅಲ್ಲಿ ಮನೆ ಕೊಂಡವರು ನೋಂದಾಯಿತ ಕ್ರಯಪತ್ರ ಉಳ್ಳವರೇ ಆಗಿದ್ದರು. ನೋಂದಣಿಯಾಗಿದೆ ಎಂದ ಮಾತ್ರಕ್ಕೆ ನಿರ್ಮಾಣ ಕಾನೂನುಬದ್ಧವಾಗದು.

ಕೊಳ್ಳುವವರು ತಪ್ಪದೆ ನೋಡಬೇಕಾದ ದಾಖಲೆಗಳು:

1. ಪಹಣಿ, ಮ್ಯುಟೇಶನ್, ಆಕಾರ್‌ಬಂದ್, ಗ್ರಾಮ ನಕ್ಷೆ ಮತ್ತು ಹದ್ದುಬಸ್ತು ಅಳತೆಯ ನಕ್ಷೆ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರನ್ನು ಪ್ರಾಥಮಿಕವಾಗಿ ಪರಿಶೀಲಿಸಬಹುದು. ಆದರೆ ಅದು ಅಳತೆಗೆ ಬದಲಿಯಲ್ಲ.

2. ಭೂಪರಿವರ್ತನೆಯ ಆದೇಶ ಮತ್ತು ಪಂಚಾಯಿತಿಯ ನಮೂನೆ 9 ಹಾಗೂ 11-ಎ. ನಮೂನೆ 11-ಬಿ ಮಾತ್ರ ಇದ್ದರೆ ಕಾರಣ ಕೇಳಿ ತಿಳಿಯಬೇಕು.

3. ಮೂಲದಲ್ಲಿ ಮಂಜೂರಾದ ಜಮೀನೇ ಎಂಬ ವಿವರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ನಿಷೇಧಿಸುವ 1978ರ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಗಿದ್ದು, ಹಿಂದಿರುಗಿಸಿಕೊಳ್ಳುವ ಅರ್ಜಿಗೆ ಕಾಲಮಿತಿ ಇಲ್ಲ. ಎಷ್ಟು ಕೈ ಬದಲಾಗಿದ್ದರೂ ಅಪಾಯ ಕೊನೆಯ ಕೊಳ್ಳುಗನದು.

4. ಜಲಾಶಯದ ಆಡಳಿತ ನಡೆಸುವ ನಿಗಮದಿಂದ ಸ್ವಾಧೀನದ ಗಡಿಯ ಬಗ್ಗೆ, ಅರಣ್ಯ ಇಲಾಖೆಯಿಂದ ಪರಿಸರ ಸೂಕ್ಷ್ಮ ವಲಯದ ಬಗ್ಗೆ ಲಿಖಿತ ಮಾಹಿತಿ.

5. ಜನರಲ್ ಪವರ್ ಆಫ್ ಅಟಾರ್ನಿಯ ಮೇಲೆ ನಡೆದ ಹಿಂದಿನ ವಹಿವಾಟುಗಳು. ಅದರಿಂದ ಒಡೆತನ ವರ್ಗವಾಗದೆಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ (2011) ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಯಾರು ಕೊಳ್ಳಬಹುದು?

ಎರಡನೆಯ ಮನೆಯನ್ನು ಕೊಳ್ಳಲೇಬಾರದೆಂಬುದು ಈ ಲೇಖನದ ಅಭಿಪ್ರಾಯವಲ್ಲ. ವ್ಯಾಪಾರದ ಬಂಡವಾಳವನ್ನು ಮುಟ್ಟದೆ ಉಳಿತಾಯದಿಂದಲೇ ಹಣ ಹೊಂದಿಸಬಲ್ಲವರು, ಐದಾರು ವರ್ಷಗಳಲ್ಲಿ ಮಕ್ಕಳಿಗೆ ಹೊಣೆ ವಹಿಸಿ ಅಲ್ಲಿಯೇ ಹೆಚ್ಚು ಕಾಲ ಕಳೆಯಲು ನಿಶ್ಚಯಿಸಿದವರು, ದಾಖಲೆ ಸರಿಯಾಗಿರುವ ಆಸ್ತಿಯನ್ನು ಧಾರಾಳವಾಗಿ ಕೊಳ್ಳಬಹುದು. ಅಂಥವರು ಅದನ್ನು ಹೂಡಿಕೆಯೆನ್ನದೆ ಖರ್ಚು ಎಂದೇ ಭಾವಿಸಿ ಕೊಳ್ಳಲಿ, ಆಗ ನಿರಾಶೆಯಾಗದು.

ನಮ್ಮ ಉದ್ಯಮಿ ಕೊಳ್ಳಲಿಲ್ಲ. ಕರಾರು ಪತ್ರದ ಷರತ್ತಿನಿಂದಾಗಿ ಮುಂಗಡದ 5 ಲಕ್ಷ ಎರಡು ಕಂತುಗಳಲ್ಲಿ ಹಿಂದಿರುಗಿತು. ಅದರ ಮರುವರ್ಷ ಅವರ ಇಬ್ಬರು ದೊಡ್ಡ ಗ್ರಾಹಕರ ಪಾವತಿ ನಾಲ್ಕು ತಿಂಗಳು ತಡವಾಯಿತು. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಕೊಂಡ ಸರಕಿಗೆ ಗರಿಷ್ಠ 45 ದಿನಗಳೊಳಗೆ ಹಣ ಕೊಡದಿದ್ದರೆ, ಪಾವತಿಯಾಗುವ ವರ್ಷದವರೆಗೆ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ ಎಂಬ ನಿಯಮ ಈಗ ಇದೆ. ಆ 53 ಲಕ್ಷ ವ್ಯಾಪಾರದಲ್ಲೇ ಉಳಿದಿದ್ದರಿಂದ ಸರಬರಾಜುದಾರರಿಗೂ ಹಣ ಸಂದಿತು, 26 ಜನರ ಸಂಬಳವೂ ಒಂದು ದಿನ ತಪ್ಪಲಿಲ್ಲ.

ತಾಯಿಯನ್ನು ಅವರು ವರ್ಷಕ್ಕೆ ಮೂರು ನಾಲ್ಕು ಬಾರಿ ಕಾರಿನಲ್ಲಿ ಕರೆದೊಯ್ದು, ಎರಡು ರಾತ್ರಿ ಅಲ್ಲಿ ಉಳಿಸಿಕೊಂಡು ಬರುತ್ತಾರೆ. ಮೊದಲ ಬಾರಿ ಕರೆದೊಯ್ದದ್ದು ಬೇಸಿಗೆಯಲ್ಲಿ. ನೀರು ಇಳಿದ ಬಯಲನ್ನು ಬಹಳ ಹೊತ್ತು ನೋಡಿದ ಆಕೆ, ತಮ್ಮ ಊರಿದ್ದ ದಿಕ್ಕನ್ನು ಕೈಮಾಡಿ ತೋರಿಸಿ, ನೀರು ತುಂಬಿದಾಗಲ್ಲ, ಹೀಗೆ ಇಳಿದಾಗಲೇ ತನ್ನನ್ನು ಕರೆತರಬೇಕೆಂದರಂತೆ. ಮಗ ಕೊಳ್ಳಹೊರಟಿದ್ದು ತುಂಬಿದ ನೀರಿನ ನೋಟವನ್ನು; ತಾಯಿಗೆ ಬೇಕಾಗಿದ್ದು ಬೇರೆ. ದೊಡ್ಡ ಮೊತ್ತಕ್ಕೆ ಸಹಿ ಹಾಕುವ ಮುನ್ನ ಮನೆಯವರನ್ನು ಒಮ್ಮೆ ಕರೆದೊಯ್ದು ಕೇಳುವುದಕ್ಕೆ ಯಾವ ಶುಲ್ಕವೂ ಇಲ್ಲ.