ಚರ್ಮದ ಖಾತೆಯಲ್ಲಿ ಉಳಿಯುವ ಸಕ್ಕರೆಯ ಲೆಕ್ಕ

ಮಧುಮೇಹವಿರುವ ನಮ್ಮ ವರ್ತಕ ಬಂಧುಗಳು ಎರಡು ಅಂಕಿಗಳನ್ನು ಚೆನ್ನಾಗಿ ಬಲ್ಲರು. ಒಂದು, ಬರಿಹೊಟ್ಟೆಯ ರಕ್ತದ ಸಕ್ಕರೆ. ಮತ್ತೊಂದು, ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ. ಲೆಕ್ಕಪತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಅಂದಿನ ಗಲ್ಲಾಪೆಟ್ಟಿಗೆಯ ನಗದು, ಎರಡನೆಯದು ತ್ರೈಮಾಸಿಕ ತಃಖ್ತೆ. ಹತ್ತು-ಹದಿನೈದು ವರ್ಷಗಳಲ್ಲಿ ಯಂತ್ರೋಪಕರಣಗಳು ಎಷ್ಟು ಸವೆದಿವೆ ಎಂಬುದನ್ನು ಇವೆರಡೂ ತಿಳಿಸಲಾರವು. ದೇಹದ ಈ ಸಂಚಿತ ಸವಕಳಿಯನ್ನು ಸೂಜಿ ಚುಚ್ಚದೆ, ರಕ್ತ ತೆಗೆಯದೆ, ಕೇವಲ ಬೆಳಕಿನಿಂದ ಅಂದಾಜು ಮಾಡುವ ವಿಧಾನವೊಂದಿದೆ. ಅದಕ್ಕೆ ಚರ್ಮದ ಸ್ವಯಂಪ್ರತಿದೀಪ್ತಿಯ ಮಾಪನವೆಂದು ಹೆಸರು.

ಇದರ ಮೂಲತತ್ತ್ವ ಅಡುಗೆಮನೆಯಲ್ಲಿಯೇ ಇದೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುವುದಕ್ಕೂ ಕಾಫಿಬೀಜ ಹುರಿದಾಗ ಕಂದುಬಣ್ಣ ತಾಳುವುದಕ್ಕೂ ಸಕ್ಕರೆ ಮತ್ತು ಪ್ರೋಟೀನಿನ ಅಂಶಗಳು ಬೆಸೆದುಕೊಳ್ಳುವ ಕ್ರಿಯೆಯೇ ಬಹುಮಟ್ಟಿಗೆ ಕಾರಣ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮಯ್ಯಾರ್ ಅವರ ಹೆಸರೇ ಈ ಕ್ರಿಯೆಗೆ ಬಂದಿದೆ. ನಮ್ಮ ದೇಹದ ಬೆಚ್ಚನೆಯ ವಾತಾವರಣದಲ್ಲಿಯೂ ಇದೇ ಕ್ರಿಯೆ ಅತಿ ನಿಧಾನವಾಗಿ ಸಾಗುತ್ತಿರುತ್ತದೆ. ಅದರಿಂದ ಕೊನೆಗೆ ಉಂಟಾಗುವ ವಸ್ತುಗಳಿಗೆ ಅಡ್ವಾನ್ಸ್ಡ್ ಗ್ಲೈಕೇಶನ್ ಎಂಡ್ ಪ್ರಾಡಕ್ಟ್ಸ್, ಸಂಕ್ಷೇಪವಾಗಿ ‘ಏಜ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ವಯಸ್ಸಿಗೂ ಅದೇ ಶಬ್ದವಿರುವುದು ಅರ್ಥಪೂರ್ಣ.

ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಆದುದರಿಂದ ಅದರಲ್ಲಿನ ದಾಖಲೆ ಬೇಗನೆ ಅಳಿಸಿಹೋಗುತ್ತದೆ. ಚರ್ಮದ ಕೊಲಾಜೆನ್ ಎಂಬ ಪ್ರೋಟೀನು ಹಾಗಲ್ಲ. ಅದರ ಅರ್ಧಭಾಗ ಬದಲಾಗಲು ಸುಮಾರು 15 ವರ್ಷ ಬೇಕೆಂಬ ಅಂದಾಜಿದೆ. ಅಲ್ಲಿ ಸೇರಿದ ಬಾಕಿ ಮುಂದಿನ ವರ್ಷದ ಆರಂಭಿಕ ಶಿಲ್ಕಾಗಿ ಸಾಗುತ್ತಲೇ ಹೋಗುತ್ತದೆ. ರಕ್ತನಾಳಗಳ ಗೋಡೆಯಲ್ಲಿಯೂ ಕೊಲಾಜೆನ್ ಇರುವುದರಿಂದ ಈ ಬೆಸುಗೆಗಳು ನಾಳಗಳನ್ನು ಪೆಡಸಾಗಿಸುತ್ತವೆ. ಹೃದಯ, ಮೂತ್ರಪಿಂಡ, ಕಣ್ಣುಗಳ ತೊಂದರೆಗೆ ಇದೂ ಒಂದು ದಾರಿ.

ಹಳೆಯ ಬಾಕಿಗೆ ಎಷ್ಟು ಬಲವಿದೆ ಎಂಬುದನ್ನು ಅಮೆರಿಕ ಮತ್ತು ಕೆನಡಾಗಳಲ್ಲಿ 1983ರಿಂದ 1993ರವರೆಗೆ 1,441 ಮಂದಿ ಟೈಪ್-1 ಮಧುಮೇಹಿಗಳ ಮೇಲೆ ನಡೆದ ಡಿಸಿಸಿಟಿ ಅಧ್ಯಯನ ತೋರಿಸಿಕೊಟ್ಟಿತು. ಅಧ್ಯಯನ ಮುಗಿದ ಮೇಲೆ, ಬಿಗಿಯಾದ ನಿಯಂತ್ರಣದಲ್ಲಿದ್ದವರ ಮತ್ತು ಉಳಿದವರ ಎಚ್‌ಬಿಎ1ಸಿ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದವು. ಆದರೂ ಮೊದಲ ಗುಂಪಿನವರಿಗೆ ತೊಡಕುಗಳು ಕಡಿಮೆಯಾಗಿಯೇ ಉಳಿದವು. ಅವರಲ್ಲಿ ಕೆಲವರ ಚರ್ಮದ ಚೂರುಗಳನ್ನು ಕತ್ತರಿಸಿ ಪರೀಕ್ಷಿಸಿದಾಗ, ಕೊಲಾಜೆನ್ನಿನಲ್ಲಿ ಸೇರಿದ ಸಕ್ಕರೆಯ ಬೆಸುಗೆಗೂ ಮುಂದಿನ ತೊಡಕುಗಳಿಗೂ ಸಂಬಂಧ ಕಂಡುಬಂದಿತು. ಆದರೆ ಚರ್ಮ ಕತ್ತರಿಸಿ ಲೆಕ್ಕ ತೆಗೆಯಿರೆಂದರೆ ಯಾರು ಒಪ್ಪುತ್ತಾರೆ?

ಈ ತೊಡಕನ್ನು ನಿವಾರಿಸಿದವರು ನೆದರ್‌ಲ್ಯಾಂಡ್ಸ್ ದೇಶದ ಗ್ರೋನಿಂಗನ್ ನಗರದ ಸಂಶೋಧಕರು. ‘ಏಜ್’ ವಸ್ತುಗಳಲ್ಲಿ ಕೆಲವು ನೇರಳಾತೀತ ಬೆಳಕು ಬಿದ್ದಾಗ ತಾವೇ ಮಿನುಗುತ್ತವೆ. ಮುಂಗೈಯ ಒಳಭಾಗವನ್ನು ಪೆಟ್ಟಿಗೆಯಂತಹ ಉಪಕರಣದ ಮೇಲಿಟ್ಟರೆ ಅರ್ಧ ನಿಮಿಷದೊಳಗೆ, ಬಿದ್ದ ಬೆಳಕಿಗೂ ಮಿನುಗಿದ ಬೆಳಕಿಗೂ ಇರುವ ಪ್ರಮಾಣ ಸಿಗುತ್ತದೆ. ಉಪವಾಸವಿರಬೇಕಾಗಿಲ್ಲ. 2004ರಲ್ಲಿ ಇದರ ಬಗೆಗಿನ ಪ್ರಬಂಧ ಪ್ರಕಟವಾಯಿತು. 2005ರಲ್ಲಿ, ಡಯಾಲಿಸಿಸ್ ಪಡೆಯುತ್ತಿದ್ದ 109 ರೋಗಿಗಳಲ್ಲಿ ಈ ಅಂಕಿ ಹೆಚ್ಚಿದ್ದವರಿಗೆ ಮರಣದ ಅಪಾಯವೂ ಹೆಚ್ಚೆಂದು ವರದಿಯಾಯಿತು. 2019ರಲ್ಲಿ ಪ್ರಕಟವಾದ ಲೈಫ್‌ಲೈನ್ಸ್ ಅಧ್ಯಯನ ಇನ್ನೂ ದೊಡ್ಡದು. ಆರಂಭದಲ್ಲಿ ಮಧುಮೇಹವಾಗಲಿ ಹೃದ್ರೋಗವಾಗಲಿ ಇಲ್ಲದ 72,880 ಜನರನ್ನು ಸುಮಾರು ನಾಲ್ಕು ವರ್ಷ ಗಮನಿಸಲಾಯಿತು. ಅವರಲ್ಲಿ 1,056 ಮಂದಿಗೆ ಟೈಪ್-2 ಮಧುಮೇಹ, 1,258 ಮಂದಿಗೆ ಹೃದಯ-ರಕ್ತನಾಳದ ಕಾಯಿಲೆ ಬಂದಿತು. 928 ಮಂದಿ ತೀರಿಕೊಂಡರು. ರಕ್ತದ ಸಕ್ಕರೆ, ಎಚ್‌ಬಿಎ1ಸಿ ಮುಂತಾದವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಚರ್ಮದ ಅಂಕಿ ಈ ಮೂರನ್ನೂ ಮುಂಗಾಣುತ್ತಿತ್ತು.

ಲೆಕ್ಕಪರಿಶೋಧಕನ ಕಣ್ಣಿಗೆ ಮೆಚ್ಚುಗೆಯ ಜೊತೆಗೆ ಆಕ್ಷೇಪಣೆಗಳೂ ಕಾಣುತ್ತವೆ. ಎಲ್ಲ ‘ಏಜ್’ ವಸ್ತುಗಳೂ ಮಿನುಗುವುದಿಲ್ಲ. ಮಿನುಗುವುದೆಲ್ಲ ‘ಏಜ್’ ಕೂಡ ಅಲ್ಲ. ಕೈಗೆ ಹಚ್ಚಿದ ಕ್ರೀಮು ಅಂಕಿಯನ್ನು ಕೆಡಿಸಬಲ್ಲದು. ಧೂಮಪಾನ ಮಾಡುವವರಲ್ಲಿ, ಮೂತ್ರಪಿಂಡ ದುರ್ಬಲವಾದವರಲ್ಲಿ ಅದು ಏರಿರುತ್ತದೆ. ಎಲ್ಲಕ್ಕಿಂತ ನಮಗೆ ಮುಖ್ಯವಾದುದು ಚರ್ಮದ ಬಣ್ಣ. ಕಪ್ಪು ಚರ್ಮ ಬೆಳಕನ್ನು ಹೀರಿಕೊಳ್ಳುವುದರಿಂದ ಮೊದಲ ಉಪಕರಣಗಳು ಅಲ್ಲಿ ನಂಬಲರ್ಹವಾಗಿರಲಿಲ್ಲ. ಅನಂತರ ಗಣಿತಸೂತ್ರದಿಂದ ತಿದ್ದುಪಡಿ ಮಾಡಿದ್ದಾರೆ. ಹಾಗಿದ್ದರೂ ಲೈಫ್‌ಲೈನ್ಸ್ ಅಂಕಿಗಳು ಬಹುತೇಕ ಬಿಳಿಯರವು. ಒಂದು ಊರಿನ ತಕ್ಕಡಿಗೆ ಮಾಡಿದ ತೂಕದ ಕಲ್ಲನ್ನು ಇನ್ನೊಂದು ಊರಿನಲ್ಲಿ ಮುದ್ರೆ ಹಾಕಿಸದೆ ಬಳಸಬಾರದೆಂಬುದನ್ನು ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ.

ಮಧುಮೇಹವನ್ನು ನಿರ್ಣಯಿಸುವುದು ಇಂದಿಗೂ ರಕ್ತಪರೀಕ್ಷೆಯೇ: ಬರಿಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಎಚ್‌ಬಿಎ1ಸಿ 6.5 ಮತ್ತು ಅದಕ್ಕಿಂತ ಮೇಲೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳನ್ನೂ ಅದರ ಅಂಚಿನಲ್ಲಿರುವ 13.6 ಕೋಟಿ ಜನರನ್ನೂ ಅಂದಾಜು ಮಾಡಿದೆ. ಸಣ್ಣ ಘಟಕಗಳಲ್ಲಿ ಖರೀದಿ, ವಸೂಲಿ, ಬ್ಯಾಂಕಿನ ಸಹಿ ಎಲ್ಲವೂ ಒಬ್ಬ ಮಾಲೀಕರ ಮೇಲೆ ನಿಂತಿರುತ್ತವೆ. ಅವರು ಮೂರು ತಿಂಗಳು ಆಸ್ಪತ್ರೆ ಸೇರಿದರೆ ಓವರ್‌ಡ್ರಾಫ್ಟ್ ಖಾತೆಯ ಗತಿಯೇನು? ಯಂತ್ರಕ್ಕೆ ವರ್ಷಾವಧಿ ನಿರ್ವಹಣಾ ಒಪ್ಪಂದ ಮಾಡಿಸುವವರು ತಮ್ಮ ರಕ್ತಪರೀಕ್ಷೆಯನ್ನು ಮಾತ್ರ ಮುಂದಿನ ಸೀಸನ್ನಿಗೆ ದೂಡುತ್ತಾರೆ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮುಂಜಾಗ್ರತಾ ತಪಾಸಣೆಯ ವೆಚ್ಚದಲ್ಲಿ ಆರೋಗ್ಯ ವಿಮೆಯ ಮಿತಿಯೊಳಗೆ 5,000 ರೂಪಾಯಿವರೆಗೆ ಕಡಿತವಿದೆ; ನಗದಾಗಿ ಪಾವತಿಸಿದರೂ ಸಲ್ಲುತ್ತದೆ. ಎಷ್ಟೋ ಮಂದಿ ಅದನ್ನೂ ಪಡೆಯುವುದಿಲ್ಲ.

ಸಂಘಗಳು ಆರೋಗ್ಯ ಶಿಬಿರ ನಡೆಸುವಾಗ ಯಾರಾದರೂ ಈ ಬೆಳಕಿನ ಉಪಕರಣವನ್ನು ತಂದರೆ ಬೇಡವೆನ್ನಬೇಕಾಗಿಲ್ಲ. ನಮ್ಮ ಮೈಬಣ್ಣದವರ ಮೇಲೆ ಪರೀಕ್ಷಿಸಿದ ದಾಖಲೆಯನ್ನು ಕೇಳಿರಿ. ಅಂಕಿ ಹೆಚ್ಚು ಬಂದವರಿಗೆ ಮುಂದೇನು ಮಾಡಿಸುತ್ತೀರೆಂದು ಕೇಳಿರಿ. ಉತ್ತರ ಮಾತ್ರೆಯ ಡಬ್ಬಿಯಾಗಿದ್ದರೆ ಅವರನ್ನು ಸಾಗಹಾಕಿ, ಆ ಹಣದಲ್ಲಿ ಸದಸ್ಯರಿಗೂ ಅವರ ಕೆಲಸಗಾರರಿಗೂ ಎಚ್‌ಬಿಎ1ಸಿ ಮತ್ತು ರಕ್ತದೊತ್ತಡದ ತಪಾಸಣೆ ಮಾಡಿಸುವುದು ಲೇಸು.