ತಾತ್ಕಾಲಿಕ ಚರ್ಮಪರ್ಯಾಯ

ತಾತ್ಕಾಲಿಕ ಚರ್ಮಪರ್ಯಾಯ ಎಂಬುದು ಆಳವಾದ ಸುಟ್ಟಗಾಯಗಳಿಗೆ ರೋಗಿಯ ಸ್ವಂತ ಚರ್ಮದ ಕಸಿ ಸಾಧ್ಯವಾಗುವವರೆಗೆ ಹೊದಿಸುವ ಜೈವಿಕ ಅಥವಾ ಕೃತಕ ಹೊದಿಕೆ. ಗಾಯದಿಂದ ದ್ರವ ಸೋರಿಹೋಗುವುದನ್ನೂ ಸೋಂಕು ಒಳಹೊಗುವುದನ್ನೂ ತಡೆಯುವುದು ಇದರ ಮೊದಲ ಕೆಲಸ.

ಅಗತ್ಯ

ಚರ್ಮದ ಹೊರಪದರವಾದ ಎಪಿಡರ್ಮಿಸ್ ಗಾಯದ ಅಂಚಿನ ಜೀವಕೋಶಗಳಿಂದ ಮತ್ತೆ ಬೆಳೆಯಬಲ್ಲದು. ಒಳಪದರವಾದ ಡರ್ಮಿಸ್ ಪೂರ್ತಿ ನಾಶವಾದರೆ ವಯಸ್ಕರಲ್ಲಿ ತಾನಾಗಿ ಮರುಹುಟ್ಟುವುದಿಲ್ಲ. ಗಾಯವು ಕುಗ್ಗುತ್ತಾ ಗಡುಸಾದ ಕಲೆಯಾಗಿ ಮುಚ್ಚಿಕೊಳ್ಳುತ್ತದೆ. ಕುತ್ತಿಗೆ, ಮೊಣಕೈ ಮತ್ತು ಬೆರಳುಗಳಲ್ಲಿ ಈ ಸಂಕೋಚನವು ಚಲನೆಯನ್ನೇ ಕಸಿದುಕೊಳ್ಳಬಹುದು. ತೊಡೆಯಂತಹ ಭಾಗದಿಂದ ತೆಗೆದ ಸ್ವಂತ ಚರ್ಮದ ಕಸಿ ಉತ್ತಮ ಪರಿಹಾರವಾದರೂ, ದೇಹದ ಬಹುಭಾಗ ಸುಟ್ಟವರಲ್ಲಿ ತೆಗೆಯಲು ಚರ್ಮವೇ ಸಾಲದು.

ಮೃತ ದಾನಿಗಳ ಚರ್ಮ, ಹಂದಿಯ ಚರ್ಮ ಮತ್ತು ಆಮ್ನಿಯಾನ್ ಪೊರೆಗಳನ್ನು ಇದಕ್ಕಾಗಿ ಬಹುಕಾಲದಿಂದ ಬಳಸಲಾಗುತ್ತಿದೆ. ದಾನಿಯ ಚರ್ಮವನ್ನು ರೋಗಿಯ ದೇಹವು ಕೆಲವೇ ವಾರಗಳಲ್ಲಿ ತಿರಸ್ಕರಿಸುತ್ತದೆ. ಆದರೆ ಅಷ್ಟು ಕಾಲಾವಕಾಶವೇ ಹಲವರ ಜೀವ ಉಳಿಸುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಇಂತಹ ಚರ್ಮವನ್ನು ಸಂಗ್ರಹಿಸುವ ಚರ್ಮ ಬ್ಯಾಂಕ್ ಇದೆ.

ಬರ್ಕ್ ಮತ್ತು ಯಾನಸ್ ಅವರ ಹೊದಿಕೆ

1970ರ ದಶಕದಲ್ಲಿ ಅಮೆರಿಕದ ಬೋಸ್ಟನ್‌ನ ಶಸ್ತ್ರವೈದ್ಯ ಜಾನ್ ಎಫ್. ಬರ್ಕ್ ಮತ್ತು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಅಯೋನಿಸ್ ವಿ. ಯಾನಸ್ ಎರಡು ಪದರಗಳ ಹೊದಿಕೆಯೊಂದನ್ನು ರೂಪಿಸಿದರು. ಗಾಯ ಬೇಗ ಮುಚ್ಚುವಂತೆ ಮಾಡುವುದು ಅವರ ಮೂಲ ಉದ್ದೇಶವಾಗಿತ್ತು. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಕಂಡದ್ದು ಇದಕ್ಕೆ ವಿರುದ್ಧವಾದ ಫಲ: ಒಂದು ಬಗೆಯ ಜಾಲರಿ ಗಾಯದ ಸಂಕೋಚನವನ್ನು ತಡಮಾಡಿತು. ವೈಫಲ್ಯವೆಂದು ಕೈಬಿಡಬಹುದಾಗಿದ್ದ ಈ ಫಲವೇ ಮುಖ್ಯ ಸಂಶೋಧನೆಯಾಯಿತು. ಏಕೆಂದರೆ ಅಲ್ಲಿ ಕಲೆಯ ಬದಲು ಡರ್ಮಿಸ್‌ನಂತಹ ಅಂಗಾಂಶ ಬೆಳೆದಿತ್ತು.

ಕೆಳಪದರವು ದನದ ಸ್ನಾಯುರಜ್ಜುವಿನ ಕೊಲಾಜನ್ ಹಾಗೂ ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ಪಡೆದ ಕಾಂಡ್ರಾಯ್ಟಿನ್ ಸಲ್ಫೇಟ್‌ಗಳ ರಂಧ್ರಮಯ ಜಾಲರಿ. ರೋಗಿಯ ಜೀವಕೋಶಗಳೂ ರಕ್ತನಾಳಗಳೂ ಇದರೊಳಗೆ ಬೆಳೆದಂತೆ ಜಾಲರಿ ಕ್ರಮೇಣ ಕರಗುತ್ತದೆ. ಮೇಲಿನ ಸಿಲಿಕೋನ್ ಹಾಳೆ ಎಪಿಡರ್ಮಿಸ್‌ನ ಕೆಲಸ ಮಾಡುತ್ತದೆ. ಸುಮಾರು 2ರಿಂದ 3 ವಾರಗಳ ನಂತರ ಅದನ್ನು ಸುಲಿದು, ರೋಗಿಯದೇ ಅತಿ ತೆಳುವಾದ ಚರ್ಮವನ್ನು ಕಸಿ ಮಾಡಲಾಗುತ್ತದೆ. ಹೀಗಾಗಿ 'ತಾತ್ಕಾಲಿಕ' ಎಂಬ ಮಾತು ನಿಜವಾಗಿ ಒಪ್ಪುವುದು ಮೇಲ್ಪದರಕ್ಕೆ ಮಾತ್ರ. ಕಸಿ ತೆಳುವಾಗಿರುವುದರಿಂದ ಚರ್ಮ ತೆಗೆದ ಜಾಗ ಬೇಗ ಮಾಗಿ, ಅಲ್ಲಿಂದಲೇ ಮತ್ತೊಮ್ಮೆ ಚರ್ಮ ತೆಗೆಯಬಹುದು.

ವ್ಯಾಪಕವಾಗಿ ಸುಟ್ಟಿದ್ದ ರೋಗಿಗಳಲ್ಲಿ ಇದರ ಯಶಸ್ವಿ ಬಳಕೆಯ ವರದಿ 1981ರಲ್ಲಿ ಪ್ರಕಟವಾಯಿತು. 1996ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮೋದನೆ ಪಡೆದು 'ಇಂಟೆಗ್ರಾ' ಎಂಬ ಹೆಸರಿನಲ್ಲಿ ಬಳಕೆಗೆ ಬಂದಿತು.

ಮಿತಿಗಳು

ಹೀಗೆ ಬೆಳೆದ ಚರ್ಮದಲ್ಲಿ ಕೂದಲಾಗಲಿ ಬೆವರಿನ ಗ್ರಂಥಿಗಳಾಗಲಿ ಇರುವುದಿಲ್ಲ. ಆದ್ದರಿಂದ ಆ ಭಾಗವು ಬೆವರಿ ತಣಿಯಲಾರದು. ಎರಡು ಶಸ್ತ್ರಚಿಕಿತ್ಸೆಗಳು ಬೇಕಾಗುತ್ತವೆ, ವೆಚ್ಚವೂ ಅಧಿಕ. ಸತ್ತ ಅಂಗಾಂಶವನ್ನು ಪೂರ್ತಿಯಾಗಿ ತೆಗೆಯದೆ ಹೊದಿಸಿದರೆ ಸಿಲಿಕೋನ್ ಹಾಳೆಯ ಅಡಿಯಲ್ಲಿ ಸೋಂಕು ಹರಡಿ ಇಡೀ ಹೊದಿಕೆಯನ್ನೇ ಕಿತ್ತು ತೆಗೆಯಬೇಕಾಗಬಹುದು.